ಜನಗಣತಿಯ ಮೂಲ ಪುಟ ತೆರೆದು ಓದಿ

ಎಲ್ಲರಿಗೂ ನಮಸ್ಕಾರ.

ವಂಶಾವಳಿ ಹುಡುಕುವವರು ಇವತ್ತು ಮೊದಲು ಕೈಹಾಕುವುದೇ ಆನ್‌ಲೈನ್ ಜನಗಣತಿಗೆ. ಹೆಸರು ಟೈಪ್ ಮಾಡುತ್ತಾರೆ, ಪಟ್ಟಿ ಬರುತ್ತದೆ, ಹೊಂದುವಂತೆ ಕಂಡದ್ದನ್ನು ತಮ್ಮ ವಂಶವೃಕ್ಷಕ್ಕೆ ಸೇರಿಸಿಕೊಂಡು ಮುಂದೆ ಹೋಗುತ್ತಾರೆ. ಆದರೆ ಆ ಪಟ್ಟಿ ಬರೀ ಸೂಚಿ. ಹಳೆಯ ಕೈಬರಹವನ್ನು ಯಾರೋ ತಮಗೆ ಕಂಡಂತೆ ಓದಿ ಮಾಡಿಟ್ಟಿದ್ದು. ಅಮೆರಿಕದ 1950ರ ಗಣತಿ 2022ರ ಏಪ್ರಿಲ್ 1ರಂದು ಬಿಡುಗಡೆಯಾದಾಗ ಅದರ ಮೊದಲ ಸೂಚಿಯನ್ನು ಕಂಪ್ಯೂಟರೇ ಕೈಬರಹ ಓದಿ ತಯಾರಿಸಿತ್ತು. ಸ್ಕ್ಯಾನ್ ಮಾಡಿದ ಮೂಲ ಪುಟವನ್ನು ಕಣ್ಣಾರೆ ನೋಡದೆ ಯಾರನ್ನೂ ನಿಮ್ಮವರೆಂದು ಒಪ್ಪಬೇಡಿ. ನಾನು ಇವತ್ತು ಒತ್ತಿ ಹೇಳಬೇಕೆಂದಿರುವುದು ಇದನ್ನೇ.

ಇಂಗ್ಲೆಂಡಿನ 1841ರ ಗಣತಿ ನೋಡಿ. ಅಲ್ಲಿ ಗಣತಿ 1801ರಲ್ಲೇ ಶುರುವಾದರೂ, ದೇಶದಾದ್ಯಂತ ಒಬ್ಬೊಬ್ಬರ ಹೆಸರೂ ಸಿಗುವುದು 1841ರಿಂದ. ಆ ವರ್ಷ, ಹದಿನೈದು ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆಯುವಂತೆ ಗಣತಿದಾರರಿಗೆ ಸೂಚನೆಯಿತ್ತು. ನಲವತ್ತನಾಲ್ಕು ವರ್ಷದವನೂ ಪುಟದಲ್ಲಿ 40 ಆಗಿಬಿಡುತ್ತಾನೆ. ಇದು ಗೊತ್ತಿಲ್ಲದವರು 1801ರ ಆಸುಪಾಸಿನ ಚರ್ಚ್ ದಾಖಲೆಗಳನ್ನು ಜಾಲಾಡಿ ಸೋಲುತ್ತಾರೆ. ಅವನು ಹುಟ್ಟಿದ್ದು 1797ರಲ್ಲಿರಬಹುದು. ಎಲ್ಲ ಗಣತಿದಾರರೂ ಆ ಸೂಚನೆ ಪಾಲಿಸಲಿಲ್ಲ ಎನ್ನುವುದೂ ನೆನಪಿರಲಿ. ಇನ್ನೊಂದು ತೊಡಕು, ಆ ಗಣತಿಯಲ್ಲಿ ಸಂಬಂಧದ ಕಾಲಂ ಇಲ್ಲ. ಒಂದೇ ಮನೆಯಲ್ಲಿರುವ ಹೆಂಗಸು ಹೆಂಡತಿಯೋ ತಂಗಿಯೋ ತಿಳಿಯದು. 1851ರಲ್ಲಿ ಸಂಬಂಧವೂ ಹುಟ್ಟಿದ ಊರೂ ಬಂದವು. ಹಾಗಾಗಿ ಮೊದಲು 1851 ನೋಡಿ, ಆಮೇಲೆ ಹಿಂದಕ್ಕೆ ಹೋಗಿ.

ಹೆಸರು ಸಿಗದಿದ್ದರೆ ಮನೆತನದ ಹೆಸರನ್ನೇ ಬಿಟ್ಟು ಹುಡುಕಿ. ಮೊದಲ ಹೆಸರು, ಹುಟ್ಟಿದ ಊರು, ಎರಡು ಮೂರು ವರ್ಷ ಆಚೀಚೆ ವಯಸ್ಸು ಕೊಟ್ಟರೆ ಸಾಕು. ಮನೆಯ ಮಕ್ಕಳಲ್ಲಿ ಅಪರೂಪದ ಹೆಸರಿನವರಿದ್ದರೆ ಆ ಮಗುವನ್ನೇ ಹುಡುಕುವುದು ಇನ್ನೂ ಒಳ್ಳೆಯದು. ಸಿಕ್ಕ ಮೇಲೆ ಹಿಂದಿನ, ಮುಂದಿನ ಪುಟಗಳನ್ನೂ ತಿರುವಿ. ಹೆಂಡತಿಯ ತವರಿನವರು ಎರಡು ಮನೆ ಆಚೆ ಇರುವುದು ಅಪರೂಪವಲ್ಲ, ಸೂಚಿ ಅದನ್ನು ಹೇಳುವುದಿಲ್ಲ.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಇಂಗ್ಲೆಂಡಿನ 1911ರ ಗಣತಿ. ಮನೆಯವರು ಸ್ವಂತ ಕೈಯಲ್ಲಿ ತುಂಬಿಕೊಟ್ಟ ನಮೂನೆಗಳೇ ಅದರಲ್ಲಿ ಉಳಿದಿವೆ. ಅಂದರೆ ನಿಮ್ಮ ಮುತ್ತಜ್ಜನ ಅಕ್ಷರವನ್ನೇ ನೋಡಬಹುದು. ಮದುವೆಯಾಗಿ ಎಷ್ಟು ವರ್ಷ, ಜೀವಂತ ಹುಟ್ಟಿದ ಮಕ್ಕಳೆಷ್ಟು, ಉಳಿದವರೆಷ್ಟು, ತೀರಿಕೊಂಡವರೆಷ್ಟು ಎಂದು ಮದುವೆಯಾದ ಹೆಂಗಸರ ಬಗ್ಗೆ ಅದರಲ್ಲಿ ಕೇಳಿದ್ದರು. ಎರಡು ಗಣತಿಗಳ ನಡುವೆ ಹುಟ್ಟಿ, ನಡುವೆಯೇ ತೀರಿಹೋಗಿ, ಯಾವ ಗಣತಿಯಲ್ಲೂ ಹೆಸರಿಲ್ಲದ ಕೂಸುಗಳು ಇಲ್ಲಿ ಒಂದು ಅಂಕಿಯಾಗಿ ಸಿಗುತ್ತವೆ. ಹೆಂಡತಿ ಸತ್ತವರು ಈ ಕಾಲಂ ತುಂಬಬೇಕಿರಲಿಲ್ಲ. ಆದರೂ ಎಷ್ಟೋ ಜನ ತುಂಬಿದರು. ಅವನ್ನು ಅಧಿಕಾರಿಗಳು ಗೆರೆ ಎಳೆದು ಹೊಡೆದುಹಾಕಿದ್ದಾರೆ, ಗೆರೆಯ ಕೆಳಗೆ ಅಕ್ಷರ ಓದಲು ಬರುತ್ತದೆ. ಸೂಚಿ ನೋಡಿ ಸುಮ್ಮನಾದವರಿಗೆ ಇದೆಲ್ಲ ಎಲ್ಲಿಂದ ಸಿಗಬೇಕು?

ಪುಟದಲ್ಲಿರುವುದು ಯಾರ ಮಾತು ಎಂದೂ ಕೇಳಿಕೊಳ್ಳಿ. ಅಮೆರಿಕದ 1940ರ ಗಣತಿಯಲ್ಲಿ ಉತ್ತರ ಕೊಟ್ಟವರ ಹೆಸರಿನ ಪಕ್ಕ ವೃತ್ತದೊಳಗೆ ಗುಣಾಕಾರ ಚಿಹ್ನೆ ಹಾಕಿದ್ದಾರೆ. ಬೇರೆ ಹೆಚ್ಚಿನ ಗಣತಿಗಳಲ್ಲಿ ಈ ಸುಳಿವು ಇಲ್ಲ. ಅಲ್ಲಿ ಹೇಳಿದ್ದು ತಾಯಿಯೋ ಬಾಡಿಗೆದಾರನೋ ನಮಗೆ ತಿಳಿಯದು. ಅದಕ್ಕೇ ಒಬ್ಬರ ವಯಸ್ಸನ್ನು ಮೂರು ನಾಲ್ಕು ಗಣತಿಗಳಲ್ಲಿ ಹೋಲಿಸಿ ನೋಡದೆ ನಂಬಬಾರದು.

ಕೆಲವು ಕಡೆ ಪುಟವೇ ಇಲ್ಲ. ಅಮೆರಿಕದ 1890ರ ಗಣತಿಯ ಬಹುಪಾಲು 1921ರ ಬೆಂಕಿಯ ಅನಾಹುತದಲ್ಲಿ ಹಾಳಾಯಿತು. ಇಂಗ್ಲೆಂಡಿನ 1931ರದು 1942ರಲ್ಲಿ ಸುಟ್ಟುಹೋಯಿತು, 1941ರಲ್ಲಿ ಯುದ್ಧದಿಂದಾಗಿ ಗಣತಿಯೇ ನಡೆಯಲಿಲ್ಲ. ಆ ಖಾಲಿಯನ್ನು ಅಲ್ಪಸ್ವಲ್ಪ ತುಂಬುವುದು 1939ರ ಸೆಪ್ಟೆಂಬರಿನಲ್ಲಿ ಗುರುತಿನ ಚೀಟಿಗಾಗಿ ಮಾಡಿದ ನೋಂದಣಿ. ಅದರಲ್ಲಿ ಹುಟ್ಟಿದ ತಾರೀಖೇ ಇದೆ. ಈಗಲೂ ಬದುಕಿರಬಹುದಾದವರ ಸಾಲುಗಳನ್ನು ಮಾತ್ರ ಮುಚ್ಚಿಟ್ಟಿರುತ್ತಾರೆ.