ನಗಿಸೋಕೆ ಬಂದವರು ತನಿಖೆಗೆ ಇಳಿದದ್ದು ಹೇಗೆ? ಒಂದು ಲೋಟ ಉಪ್ಪುನೀರಿನ ಕಥೆ

(ದೃಶ್ಯ: ಅಡುಗೆಮನೆ. ಕಟ್ಟೆ ಮೇಲೆ ಗಾಜಿನ ಲೋಟ, ಉಪ್ಪಿನ ಪ್ಯಾಕೆಟ್, ಚಮಚ, ಸಣ್ಣ ತಕ್ಕಡಿ.)

ನಮಸ್ಕಾರ. ಈ ಲೋಟದ ವಿಷಯಕ್ಕೆ ಆಮೇಲೆ ಬರೋಣ. ಮೊದಲು ನನ್ನ ತಲೆನೋವು ಕೇಳಿ.

ಹೋದ ಮಳೆಗಾಲದಲ್ಲಿ ನಾವೊಂದು ತಮಾಷೆ ವಿಡಿಯೋ ಮಾಡಿದೆವು, ನೆನಪಿದೆಯಾ? ತೀರ್ಥಹಳ್ಳಿ ಕಡೆಯ ಒಂದು ಹಳ್ಳ, ಅದರ ಮೇಲೆ ಎರಡು ಅಡಿಕೆ ಮರ ಅಡ್ಡ ಹಾಕಿದ ಕಾಲುಸಂಕ. ನಾನು ಮೇಲೆ ಕೋಟು ಹಾಕಿಕೊಂಡು, ಕೆಳಗೆ ಪಂಚೆ ಎತ್ತಿಕಟ್ಟಿಕೊಂಡು, ನ್ಯೂಸ್ ಆ್ಯಂಕರ್ ಥರ ಕಿರುಚುತ್ತಾ ಅದರ ಉದ್ಘಾಟನೆ ಮಾಡಿದೆ. 'ಬ್ರೇಕಿಂಗ್ ನ್ಯೂಸ್! ಮಲೆನಾಡಿನ ಮೊದಲ ಟೋಲ್ ಇಲ್ಲದ ಸೇತುವೆ!' ಜೋಕು ಅಷ್ಟೇ.

ಮಾರನೇ ದಿನದಿಂದ ವಾಟ್ಸಾಪ್‌ಗೆ ಫೋಟೋ ಬರೋಕೆ ಶುರು. ನಮ್ಮೂರ ಸಂಕ ನೋಡಿ, ನಮ್ಮ ಕೇರಿಯ ಟ್ರಾನ್ಸ್‌ಫಾರ್ಮರ್ ನೋಡಿ, ನಮ್ಮಜ್ಜನ ಪಿಂಚಣಿ ನಿಂತಿದೆ ನೋಡಿ. ಸಾಗರದ ಕಡೆಯವರೊಬ್ಬರು ಬರೆದಿದ್ದರು: 'ಅಣ್ಣಾ, ನೀವು ತಮಾಷೆ ಮಾಡೋರು ಅಂತ ಗೊತ್ತು. ಆದ್ರೂ ಇದೊಂದು ಸ್ವಲ್ಪ ವಿಚಾರಿಸಿ.' ಅಲ್ಲಾ ಮಾರಾಯ್ರೆ, ವಿಚಾರಿಸೋಕೆ ನಾನ್ಯಾರು?

ಹುಡುಕಿ ನೋಡಿದರೆ, ಈ ಫಜೀತಿ ಇಟಲಿಯವರಿಗೆ ಮೂವತ್ತೈದು ವರ್ಷದ ಹಿಂದೆಯೇ ಆಗಿದೆ.

(ದೃಶ್ಯ: ಕೆಂಪು ಗೊಂಬೆಯ ಕೈಬರಹದ ಚಿತ್ರ. ನಾನೇ ಬರೆದದ್ದು, ನಗಬೇಡಿ.)

1988. ಆಂಟೋನಿಯೊ ರಿಚ್ಚಿ ಎನ್ನುವವರು 'ಸ್ಟ್ರೀಶಾ ಲಾ ನೊಟೀತ್ಸಿಯಾ' ಎಂಬ ಶೋ ಶುರು ಮಾಡುತ್ತಾರೆ. ಟೀವಿ ವಾರ್ತೆಯ ಅಣಕ. ಇಬ್ಬರು ಮೇಜಿನ ಹಿಂದೆ ಕೂತು ವಾರ್ತೆ ಓದುವ ಹಾಗೆ ನಟಿಸುತ್ತಾರೆ, ಜನ ನಗುತ್ತಾರೆ, ಊಟ ಮುಗಿಸಿ ಮಲಗುತ್ತಾರೆ. 1990ರಲ್ಲಿ ಅದಕ್ಕೊಂದು ಗೊಂಬೆ ಸೇರಿತು. ಗಬಿಬ್ಬೊ ಅಂತ ಹೆಸರು. ಮೈಯೆಲ್ಲ ಕೆಂಪು, ದೊಡ್ಡ ಹೊಟ್ಟೆ, ದೊಡ್ಡ ಬಾಯಿ, ಜೆನೋವಾ ಊರಿನ ಮಾತಿನ ಧಾಟಿ. ಇದನ್ನು ಬೀದಿಗೆ ಬಿಟ್ಟರು ನೋಡಿ, ಜನ ತಮ್ಮ ದೂರು ತಗೊಂಡು ಇದರ ಹತ್ತಿರ ಬರೋಕೆ ಶುರು ಮಾಡಿದರು. ಅರ್ಧ ಕಟ್ಟಿ ಬಿಟ್ಟ ಕಟ್ಟಡ, ಪೋಲಾದ ಸರ್ಕಾರಿ ದುಡ್ಡು, ಮೋಸಹೋದ ಗಿರಾಕಿಗಳು.

ಗೊಂಬೆ ಹತ್ತಿರ ಯಾಕೆ? ನಮ್ಮ ಯಕ್ಷಗಾನ ನೋಡಿದವರಿಗೆ ಇದು ಗೊತ್ತೇ ಇದೆ. ಹಾಸ್ಯಗಾರ ದೂತನಾಗಿ ಬಂದು ರಾಜನಿಗೆ ಸುದ್ದಿ ಹೇಳುವಾಗ ಊರಿನ ಕರೆಂಟು, ರಸ್ತೆ ಎಲ್ಲವನ್ನೂ ನಡುವೆ ತುರುಕಿಬಿಡುತ್ತಾನೆ. ಕಿರೀಟ ಹೊತ್ತವನಿಗೆ ಆ ಸಲುಗೆ ಇಲ್ಲ. ಮೈಕ್ ಹಿಡಿದ ವರದಿಗಾರನ ಮುಖಕ್ಕೆ ಆಫೀಸಿನ ಬಾಗಿಲು ಹಾಕಬಹುದು, ಯಾರೂ ಕೇಳಲ್ಲ. ಹೊಟ್ಟೆ ಅಲ್ಲಾಡಿಸುತ್ತಾ ನಿಂತ ಕೆಂಪು ಗೊಂಬೆಯ ಮುಖಕ್ಕೆ ಹಾಕಿದರೆ ಇಡೀ ದೇಶ ನಗುತ್ತದೆ. ಇನ್ನೊಬ್ಬ ಇದ್ದಾನೆ, ಕಾಪಿತಾನ್ ವೆಂತೋಜಾ. ಕಟ್ಟಿಕೊಂಡ ಸಿಂಕಿಗೆ ಒತ್ತಿ ಎಳೀತೀವಲ್ಲ, ಆ ರಬ್ಬರ್ ಪಂಪನ್ನು ತಲೆ ಮೇಲೆ ಹೊತ್ತು ಓಡಾಡುವ ಸೂಪರ್‌ಹೀರೋ. ಕಟ್ಟಿಕೊಂಡ ಸರ್ಕಾರಿ ಕೆಲಸ ಬಿಡಿಸುವುದು ಅವನ ಡ್ಯೂಟಿ. ಅವನ ಬಗ್ಗೆ ಒಂದು ಗಂಟೆ ಮಾತಾಡಬಲ್ಲೆ. ಬೇಡ.

ಈಗ ಲೋಟ.

ಇಟಲಿಯಲ್ಲಿ ವಾನ್ನಾ ಮಾರ್ಕಿ ಅಂತ ಒಬ್ಬರು, ಟೀವಿಯಲ್ಲಿ ಕೂಗಿ ಕೂಗಿ ಸಾಮಾನು ಮಾರುವುದರಲ್ಲಿ ಎತ್ತಿದ ಕೈ. ಆಮೇಲೆ ಮಗಳ ಜೊತೆ ಸೇರಿ ಲಾಟರಿಯ 'ಅದೃಷ್ಟದ ನಂಬರ್' ಮಾರತೊಡಗಿದರು. 2001ರಲ್ಲಿ ಒಬ್ಬ ಮಹಿಳೆ 3 ಲಕ್ಷ ಲಿರಾ ಕೊಟ್ಟು ನಂಬರ್ ತಗೊಂಡರು. (ಲಿರಾ, ರೂಪಾಯಿ ಅಲ್ಲ, ಗಾಬರಿಯಾಗಬೇಡಿ.) ಆಮೇಲೆ ಇನ್ನೂ 40 ಲಕ್ಷ ಕೇಳಿದರು. ಕೊಡಲ್ಲ ಅಂದಾಗ ನಿಮಗೆ ಕೇಡಾಗುತ್ತದೆ ಅಂತ ಹೆದರಿಸಿದರು. ಆಕೆ ನೇರ ಈ ತಮಾಷೆ ಶೋಗೆ ಫೋನ್ ಮಾಡಿದರು. ಶೋದವರು ಫೋನ್ ಮಾತುಕತೆ ರೆಕಾರ್ಡ್ ಮಾಡಿ ಟೀವಿಯಲ್ಲಿ ಹಾಕಿದರು.

ಆಗ ಹೊರಬಿದ್ದದ್ದೇ ಈ ಉಪ್ಪು. ಗಿರಾಕಿಗೆ ಉಪ್ಪು ಕಳಿಸುತ್ತಿದ್ದರಂತೆ. ನೀರಿಗೆ ಹಾಕಿ ಕತ್ತಲಲ್ಲಿಡಿ, ಕರಗದಿದ್ದರೆ ನಿಮಗೆ ಕಣ್ಣು ಬಿದ್ದಿದೆ ಅಂತ ಅರ್ಥ, ದೃಷ್ಟಿ ತೆಗೆಯೋಕೆ ಇಷ್ಟು ದುಡ್ಡು.

(ದೃಶ್ಯ: ಲೋಟ ಹತ್ತಿರದಿಂದ.)

ನೋಡಿ, 200 ಎಂಎಲ್ ನೀರು. 100 ಗ್ರಾಂ ಉಪ್ಪು ಹಾಕುತ್ತಿದ್ದೇನೆ. ಕದಡುತ್ತೇನೆ... ಇನ್ನೂ ಕದಡುತ್ತೇನೆ... ಕೈ ನೋಯುತ್ತಿದೆ. ತಳದಲ್ಲಿ ಬೆಳ್ಳಗೆ ಕೂತಿದೆ ನೋಡಿ, ಅಲ್ಲಾಡಲ್ಲ. ಇಷ್ಟು ನೀರಲ್ಲಿ ಕರಗುವುದೇ 72 ಗ್ರಾಂ ಆಸುಪಾಸು. ಮಿಕ್ಕದ್ದು ನನಗೆ ದೃಷ್ಟಿಯಾಗಿದ್ದರೂ ಕರಗಲ್ಲ, ಆಗದಿದ್ದರೂ ಕರಗಲ್ಲ.

ಇದನ್ನು ಮಾಡುವಾಗ ಅಜ್ಜಿ ಬಾಗಿಲಲ್ಲೇ ನಿಂತಿದ್ದರು. ನಾನು ಜಾಣನ ಹಾಗೆ ಕೇಳಿದೆ: ನೀನೂ ಕಲ್ಲುಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕ್ತಿಯಲ್ಲ, ಚಟಪಟ ಅಂದ್ರೆ ದೃಷ್ಟಿ ಇತ್ತು ಅಂತೀಯಲ್ಲ, ಕಲ್ಲುಪ್ಪಿನ ಹರಳೊಳಗೆ ಸಿಕ್ಕಿಕೊಂಡ ನೀರು ಬೆಂಕೀಲಿ ಆವಿಯಾಗಿ ಸಿಡಿಯೋದು ಅಷ್ಟೇ, ಗೊತ್ತಾ? ಅಜ್ಜಿ ಹೇಳಿದ್ದು ಒಂದೇ ಮಾತು. 'ನಾ ಯಾವತ್ತಾದ್ರೂ ನಿನ್ ಹತ್ರ ದುಡ್ಡು ಕೇಳಿದ್ನೇನೋ?'

ಸುಮ್ಮನಾದೆ. ಇಟಲಿಯ ಕೋರ್ಟೂ ಹೆಚ್ಚುಕಡಿಮೆ ಅದನ್ನೇ ಕೇಳಿತು ಅನ್ನಿ. 2002ರ ಜನವರಿಯಲ್ಲಿ ಬಂಧನ, 2009ರಲ್ಲಿ ಕೊನೆಯ ತೀರ್ಪು, ಅಮ್ಮ ಮಗಳಿಬ್ಬರಿಗೂ 9 ವರ್ಷಕ್ಕಿಂತ ಜಾಸ್ತಿ ಜೈಲು. ಇಷ್ಟಕ್ಕೆಲ್ಲ ಮೊದಲ ಎಳೆ ಹಿಡಿದದ್ದು ಕೆಂಪು ಗೊಂಬೆ ಕುಣಿಸುವ ಶೋ.

ಅಯ್ಯೋ, ಕ್ಯಾಮೆರಾ ಹಿಂದಿನಿಂದ ಕೈ ತೋರಿಸುತ್ತಿದ್ದಾನೆ, ಉಪ್ಪಲ್ಲೇ ಟೈಮ್ ಹೋಯಿತು. ಉಳಿದದ್ದು ಬೇಗ.

ಅಮೆರಿಕದ ಟೀವಿ ಹಾಸ್ಯಗಾರ ಜಾನ್ ಆಲಿವರ್, 2014ರಿಂದ ಎಚ್‌ಬಿಓ ಚಾನೆಲ್‌ನಲ್ಲಿ. ತಾನು ಪತ್ರಕರ್ತ ಅಲ್ಲವೇ ಅಲ್ಲ ಅನ್ನುತ್ತಾರೆ, ಆದರೆ ಸಂಶೋಧನೆಗೇ ಒಂದು ತಂಡ ಇಟ್ಟುಕೊಂಡಿದ್ದಾರೆ. ಸಾಲ ವಸೂಲಿ ದಂಧೆ ಎಷ್ಟು ಸಡಿಲ ಅಂತ ತೋರಿಸೋಕೆ 2016ರಲ್ಲಿ ತಾವೇ ಒಂದು ಕಂಪನಿ ತೆರೆದು, ಸುಮಾರು 1.5 ಕೋಟಿ ಡಾಲರಿನ ಆಸ್ಪತ್ರೆ ಸಾಲದ ಪಟ್ಟಿಯನ್ನು 60 ಸಾವಿರ ಡಾಲರಿಗೆ ಖರೀದಿಸಿ, ಸುಮಾರು 9,000 ಜನರ ಸಾಲ ಮನ್ನಾ ಮಾಡಿದರು. ಮರುವರ್ಷ ಒಬ್ಬ ಕಲ್ಲಿದ್ದಲು ಗಣಿ ಧಣಿ ಇವರ ಮೇಲೆ ಮಾನನಷ್ಟ ಕೇಸು ಹಾಕಿದ, 2018ರಲ್ಲಿ ಅದು ವಜಾ ಆಯಿತು. ಜೋಕು ನಿಜ ಇರಬೇಕು ಸ್ವಾಮಿ. ಇಲ್ಲದಿದ್ದರೆ ನಗು ಬರಲ್ಲ, ನೋಟಿಸ್ ಬರುತ್ತದೆ. ಗೇಲಿ ಮಾಡುವವನು ಒಂದೊಂದು ಮಾತನ್ನೂ ಕಾಗದ ಪತ್ರ ಇಟ್ಟು ತಾಳೆ ನೋಡಲೇಬೇಕು. ನೋಡುತ್ತಾ ನೋಡುತ್ತಾ ಅವನಿಗೇ ಗೊತ್ತಾಗದ ಹಾಗೆ ವರದಿಗಾರ ಆಗಿಬಿಟ್ಟಿರುತ್ತಾನೆ.

ಜರ್ಮನಿಯ ಟೀವಿ ಹಾಸ್ಯಗಾರ ಯಾನ್ ಬ್ಯೋಮರ್‌ಮಾನ್ 2022ರಲ್ಲಿ, ಮೊದಲು 120 ವರ್ಷ ಗುಟ್ಟಾಗಿಡಬೇಕು ಅಂತ ಬೀಗ ಹಾಕಿದ್ದ ನವನಾಜಿ ಕೊಲೆಗಾರರ ಕಡತವನ್ನು ಒಂದು ಮಾಹಿತಿ ಹಕ್ಕು ಸಂಸ್ಥೆ ಜೊತೆ ಸೇರಿ ಹೊರಗೆ ಹಾಕಿದರು. ಶಭಾಶ್. ಅದೇ ತಿಂಗಳು ಅವರ ಶೋ ದೇಶದ ಸೈಬರ್ ಭದ್ರತಾ ಸಂಸ್ಥೆಯ ಮುಖ್ಯಸ್ಥ ಆರ್ನೆ ಶ್ಯೋನ್‌ಬೋಮ್ ಅವರನ್ನು 'ಸೈಬರ್ ಕೋಡಂಗಿ' ಅಂತ ಆಡಿಕೊಂಡಿತು, ಅವರ ಹುದ್ದೆ ಹೋಯಿತು. 2024ರಲ್ಲಿ ಮ್ಯೂನಿಕ್ ಕೋರ್ಟ್, ಶೋದ ಕೆಲವು ಮಾತುಗಳು ತಪ್ಪು, ಇನ್ನು ಹೇಳಬಾರದು ಅಂದಿತು. ಆದರೆ ಕುರ್ಚಿ ಹೋಗಿ ಎರಡು ವರ್ಷ ಆಗಿತ್ತು.

ನಮ್ಮ ಜಿಲ್ಲೆಗೆ ಇದೇನು ಹೊಸದಲ್ಲ. ಇಲ್ಲೇ ಕೊನಗವಳ್ಳಿಯಲ್ಲಿ ಹುಟ್ಟಿದ ಲಂಕೇಶ್ 1980ರಲ್ಲಿ ತಮ್ಮ ವಾರಪತ್ರಿಕೆ ಶುರು ಮಾಡಿದಾಗ ಗೇಲಿ, ವರದಿ ಎರಡನ್ನೂ ಒಂದೇ ಪುಟದಲ್ಲಿ ಕೂರಿಸಿದರು. ಅದೂ ಜಾಹೀರಾತೇ ಇಲ್ಲದೆ. ಅದಕ್ಕೇ ಒಂದು ವಿಡಿಯೋ ಬೇಕು, ಇನ್ನೊಮ್ಮೆ.

ಶ್ಯೋನ್‌ಬೋಮ್ ಕಥೆ ನನ್ನ ತಲೆಯಲ್ಲಿ ಯಾಕೆ ಕೂತಿದೆ ಅಂದರೆ, ನಾವೂ ಸ್ವಲ್ಪದರಲ್ಲಿ ಬಚಾವಾದೆವು. ಬಂದ ಫೋಟೋಗಳಲ್ಲಿ ಒಂದು ಸಂಕ ಅದ್ಭುತವಾಗಿತ್ತು, ಮುರಿದು ಒಂದು ಕಡೆ ವಾಲಿ, ನೀರಿಗೆ ಮುಟ್ಟಿಕೊಂಡಿತ್ತು. ಸ್ಕ್ರಿಪ್ಟ್ ಬರೆದಾಗಿತ್ತು, ಗುತ್ತಿಗೆದಾರನಿಗೆ ಇಡೋಕೆ ಒಂದು ಒಳ್ಳೆ ಅಡ್ಡಹೆಸರೂ ಸಿಕ್ಕಿತ್ತು. ಸುಮ್ನೆ ಒಂದು ಮಾತು ಕೇಳೋಣ ಅಂತ ಆ ಊರಿನ ಅಂಗಡಿಯವರಿಗೆ ಫೋನ್ ಮಾಡಿದರೆ, 'ಅಲ್ಲಿ ಸಿಮೆಂಟಿನ ಸೇತುವೆ ಆಗಿ ಎರಡು ವರ್ಷ ಆಯ್ತಲ್ರೀ, ನಿಮಗ್ಯಾರು ಹಳೇ ಫೋಟೋ ಕಳಿಸಿದ್ದು?'

ಸಾಗರದ ಕಡೆಯ ಆ ಅಣ್ಣನ ಸಂಕ ಮಾತ್ರ ಈಗಲೂ ಹಾಗೇ ಇದೆಯಂತೆ. ನಾಳೆ ಬೆಳಿಗ್ಗೆ ಮಳೆ ಬಿಟ್ಟರೆ ಬೈಕಲ್ಲಿ ಹೋಗುತ್ತಿದ್ದೇನೆ. ಕೋಟು ತಗೊಂಡು ಹೋಗುತ್ತೇನೆ. ಅಳತೆ ಟೇಪನ್ನೂ ಬ್ಯಾಗಿಗೆ ಹಾಕಿಕೊಂಡಿದ್ದೇನೆ.

(ದೃಶ್ಯ: ಲೋಟ. ತಳದಲ್ಲಿ ಉಪ್ಪು ಹಾಗೇ ಇದೆ. ಹಿಂದಿನಿಂದ ಅಜ್ಜಿಯ ದನಿ: 'ಆ ಉಪ್ಪುನೀರು ಚೆಲ್ಲಬ್ಯಾಡ, ಮಾವಿನಮಿಡಿಗೆ ಆಗುತ್ತೆ.')