ಟಾರ್ಷನ್ ಬಾರ್ ಬಿಚ್ಚಿದ ಮೇಲೆ ಭಾರ ಎಲ್ಲಿಗೆ ಹೋಯಿತು?

ಈಗ 'ಧಡ್' ಅಂತ ಕೇಳಿಸಿತಲ್ಲ, ಅದು ನನ್ನ ಪಿಕಪ್‌ನ ಮೂತಿ ಬಂಪ್ ಸ್ಟಾಪ್ (ಚಕ್ರ ಅತಿಯಾಗಿ ಮೇಲೆದ್ದರೆ ತಡೆಯುವ ರಬ್ಬರ್ ತುಂಡು) ಮೇಲೆ ಕೂತ ಸದ್ದು. ಟಾರ್ಷನ್ ಬಾರ್ ಕಿತ್ತು, ಹೊಸ ಕಾಯಿಲ್‌ಓವರ್ (ಶಾಕ್ ಅಬ್ಸಾರ್ಬರ್ ಸುತ್ತಲೇ ಸುರುಳಿ ಸ್ಪ್ರಿಂಗ್ ಇರುವ ಜೋಡಿ) ಹಾಕಿ ಮೊದಲ ಸಲ ಜಾಕ್ ಇಳಿಸಿದ್ದೆ. ಕ್ಯಾಮೆರಾ ಆನ್ ಇತ್ತು, ಹಾಗಾಗಿ ಮುಚ್ಚಿಡುವ ಹಾಗಿಲ್ಲ. ಹಿಂದೆ ನಗುತ್ತಿರುವವನು ವೆಲ್ಡಿಂಗ್ ಮಾಡಿಕೊಟ್ಟ ಗೆಳೆಯ. "ಗಾಡಿ ಎತ್ತರ ಮಾಡ್ತೀನಿ ಅಂದ್ಯಲ್ಲೋ, ಇದು ನೋಡಿದ್ರೆ ಅಡ್ಡಬೀಳ್ತಾ ಇದೆ!" ಅಂದ.

ತಪ್ಪು ನನ್ನದೇ. ಎಲ್ಲಿ ಆಯಿತು ಅಂತ ಹೇಳಲು ಮೊದಲಿನಿಂದ ಶುರು ಮಾಡುತ್ತೇನೆ.

ನನ್ನದು ಹಳೆಯ ಫೋರ್-ವೀಲ್-ಡ್ರೈವ್ ಪಿಕಪ್. ಮುಂದೆ ಟಾರ್ಷನ್ ಬಾರ್, ಹಿಂದೆ ಲೀಫ್ ಸ್ಪ್ರಿಂಗ್. ಟಾರ್ಷನ್ ಬಾರ್ ಅಂದರೆ ಉದ್ದನೆಯ ಒಂದು ಉಕ್ಕಿನ ಸರಳು, ಅಷ್ಟೇ. ಒಂದು ತುದಿ ಚಕ್ರವನ್ನು ಚಾಸಿಗೆ ಜೋಡಿಸುವ ತೋಳಿಗೆ, ಅಂದರೆ ಕಂಟ್ರೋಲ್ ಆರ್ಮ್‌ಗೆ; ಇನ್ನೊಂದು ತುದಿ ಕ್ಯಾಬಿನ್ ಕೆಳಗಿನ ಅಡ್ಡಪಟ್ಟಿಗೆ, ಅಂದರೆ ಕ್ರಾಸ್‌ಮೆಂಬರ್‌ಗೆ. ಚಕ್ರ ಮೇಲೆದ್ದಾಗ ಒದ್ದೆ ಬಟ್ಟೆ ಹಿಂಡಿದ ಹಾಗೆ ಸರಳು ತಿರುಚಿಕೊಳ್ಳುತ್ತದೆ, ಆಮೇಲೆ ಬಿಚ್ಚಿಕೊಂಡು ಚಕ್ರವನ್ನು ಕೆಳಗೆ ತಳ್ಳುತ್ತದೆ. ಜಾಗ ಕಡಿಮೆ, ಗಟ್ಟಿಮುಟ್ಟು. 1998ರಿಂದ 2011ರವರೆಗಿನ ಅಮೆರಿಕದ ಫೋರ್ಡ್ ರೇಂಜರ್ ಫೋರ್-ವೀಲ್-ಡ್ರೈವ್‌ನಲ್ಲೂ ಇದೇ ಇತ್ತು. ಟೊಯೊಟಾ ಮಾತ್ರ 1995ರಲ್ಲಿ ಬಂದ ಟಕೋಮಾದಲ್ಲೇ ಮುಂದೆ ಕಾಯಿಲ್ ಸ್ಪ್ರಿಂಗ್ ಕೊಟ್ಟಿತ್ತು.

ಹಾಗಾದರೆ ಚೆನ್ನಾಗಿರುವುದನ್ನು ಯಾಕೆ ಕಿತ್ತೆ? ದೊಡ್ಡ ಟೈರ್ ಹಾಕಬೇಕು ಅಂತ ಬಾರ್‌ನ ಅಡ್ಜಸ್ಟರ್ ಬೋಲ್ಟ್ ತಿರುಗಿಸಿ ಮೂತಿ ಎತ್ತಿದ್ದೆ. ಆಮೇಲೆ ಗಾಡಿ ಕುದುರೆಯ ಹಾಗೆ ಎಗರಲು ಶುರುವಾಯಿತು. ಬಾರ್ ಗಟ್ಟಿಯಾಯಿತು ಅಂತ ಎಲ್ಲರೂ ಹೇಳುತ್ತಾರೆ. ಅದು ಹಾಗಲ್ಲ. ಬೋಲ್ಟ್ ತಿರುಗಿಸಿದರೆ ಸರಳಿನ ಗಟ್ಟಿತನ ಬದಲಾಗುವುದಿಲ್ಲ, ಆರ್ಮ್ ನಿಲ್ಲುವ ಜಾಗ ಬದಲಾಗುತ್ತದೆ. ನಿಂತಲ್ಲೇ ಆರ್ಮ್ ಹೆಚ್ಚುಕಡಿಮೆ ಪೂರ್ತಿ ಕೆಳಗೆ ಇಳಿದುಬಿಟ್ಟಿರುತ್ತದೆ. ಸಣ್ಣ ಗುಂಡಿ ಬಂದರೂ ಚಕ್ರಕ್ಕೆ ಇನ್ನೂ ಕೆಳಗೆ ಹೋಗಲು ಜಾಗವೇ ಇಲ್ಲ. ಆ ಕುಲುಕಾಟ ಬರುವುದು ಅಲ್ಲಿಂದ.

ಬಾರ್ ಬಿಚ್ಚುವ ಈ ಶಾಟ್‌ನಲ್ಲಿ ನಾನು ಪಕ್ಕಕ್ಕೆ ನಿಂತಿದ್ದೇನೆ, ಗಮನಿಸಿ. ಆ ಸರಳಿನಲ್ಲಿ ಇಡೀ ಮೂಲೆಯ ಭಾರ ತಿರುಚಿಕೊಂಡು ಕೂತಿರುತ್ತದೆ. ಅದನ್ನು ಸಡಿಲಿಸಲು ಬೇರೆಯೇ ಟೂಲ್ ಇದೆ. ಸ್ಕ್ರೂಡ್ರೈವರ್, ಸುತ್ತಿಗೆ ಹಿಡಿದು ಹೋಗಬೇಡಿ. ಎಡ, ಬಲ ಅಂತ ಬಾರ್‌ಗಳ ಮೇಲೆ ಗುರುತೂ ಹಾಕಿ. ಅದಲು ಬದಲು ಮಾಡುವ ಹಾಗಿಲ್ಲ.

ಈಗ ಅಸಲಿ ವಿಷಯ. ಬಾರ್ ಇದ್ದಾಗ ಗಾಡಿಯ ಭಾರ ಹೊರುತ್ತಿದ್ದದ್ದು ಆ ಕ್ರಾಸ್‌ಮೆಂಬರ್. ಹಳೆಯ ಶಾಕ್ ಅಬ್ಸಾರ್ಬರ್ ಭಾರ ಹೊರುತ್ತಿರಲಿಲ್ಲ, ಕುಣಿತ ನಿಲ್ಲಿಸುವುದಷ್ಟೇ ಅದರ ಕೆಲಸ. ಕಾಯಿಲ್‌ಓವರ್‌ನಲ್ಲಿ ಸ್ಪ್ರಿಂಗ್ ಶಾಕ್ ಮೇಲೆಯೇ ಕೂರುತ್ತದೆ. ಅಂದರೆ ಬಾರ್ ತೆಗೆದ ಕೂಡಲೇ ಮೂತಿಯ ಭಾರವೆಲ್ಲ ಬರುವುದು ಶಾಕ್‌ನ ಮೇಲಿನ ಬ್ರ್ಯಾಕೆಟ್‌ಗೆ. ನನ್ನ ಗಾಡಿಯದ್ದು ಇಲ್ಲಿದೆ ನೋಡಿ. ಒಂದು ತೆಳು ತಗಡು, ಮಧ್ಯೆ ಒಂದು ತೂತು. ಇದರ ಮೇಲೆ ಕಾಯಿಲ್‌ಓವರ್ ಸಿಕ್ಕಿಸಿದರೆ ಇವತ್ತಲ್ಲ ನಾಳೆ ಹರಿಯುತ್ತದೆ. "ಬೋಲ್ಟ್ ಬಿಚ್ಚಿ, ಬೋಲ್ಟ್ ಹಾಕಿ, ಮುಗೀತು" ಅನ್ನುವವರ ಮಾತು ಈ ತಗಡು ನೋಡಿದ ಮೇಲೆ ನನಗೆ ನಂಬಿಕೆ ಇಲ್ಲ.

ಆದ್ದರಿಂದ ಆ ಬ್ರ್ಯಾಕೆಟ್ ಬದಲು, ಶಾಕ್‌ನ ಮೇಲ್ತುದಿ ಹಿಡಿಯುವ ಹೊಸ ಟವರ್ ಕಟ್ಟಿದೆವು. ದಪ್ಪ ಪ್ಲೇಟ್, ಚಾಸಿಯ ಮೇಲ್ಭಾಗ ಮತ್ತು ಪಕ್ಕ ಎರಡನ್ನೂ ಹಿಡಿಯುವ ಹಾಗೆ. ಕೆಳಗಿನ ಆರ್ಮ್‌ನಲ್ಲಿ ಶಾಕ್ ಕೂರುವ ಜಾಗಕ್ಕೂ ಪ್ಲೇಟ್ ಬಿತ್ತು. ನನ್ನ ಗಾಡಿಯಲ್ಲಿ ಬಾರ್ ಇದ್ದದ್ದು ಕೆಳಗಿನ ಆರ್ಮ್‌ಗೆ, ಅದೊಂದು ಪುಣ್ಯ. ಕೆಲವು ಗಾಡಿಗಳಲ್ಲಿ ಮೇಲಿನ ಆರ್ಮ್‌ಗೆ ಇರುತ್ತದೆ. ಆಗ ಕೆಳಗಿನ ಆರ್ಮ್, ಅದರ ರಬ್ಬರ್ ಬುಶ್, ಚಕ್ರದ ಕಡೆಯ ಕೀಲಾದ ಬಾಲ್ ಜಾಯಿಂಟ್ ಎಲ್ಲವೂ ಯಾವತ್ತೂ ಹೊರದ ಭಾರ ಹೊರಬೇಕಾಗುತ್ತದೆ. ವೆಲ್ಡಿಂಗ್‌ಗೆ ಮುಂಚೆ ಬ್ಯಾಟರಿ ಕಳಚಿದ್ದೆವು, ಕಾಯಿಲ್‌ಓವರ್‌ಗಳನ್ನು ದೂರ ಇಟ್ಟಿದ್ದೆವು. ಒಳಗೆ ಎಣ್ಣೆ, ಒತ್ತಡದ ಗ್ಯಾಸ್ ಇರುವ ವಸ್ತುವಿನ ಪಕ್ಕ ಕಿಡಿ ಹಾರಿಸುವುದು ಬೇಡ ಅಲ್ವಾ.

ಟವರ್ ಚೆನ್ನಾಗಿಯೇ ಬಂತು. ಎಡವಿದ್ದು ಸ್ಪ್ರಿಂಗ್ ಲೆಕ್ಕದಲ್ಲಿ.

ತೂಕದ ಯಂತ್ರದ ಮೇಲೆ ಒಂದೊಂದು ಮುಂಚಕ್ರಕ್ಕೆ ಸುಮಾರು 500 ಕೆ.ಜಿ. ಬಂತು. ಚಕ್ರ, ಬ್ರೇಕ್ ಇತ್ಯಾದಿ ಸ್ಪ್ರಿಂಗ್ ಹೊರದ ಭಾಗ ಅಂತ 50 ಕಳೆದೆ. ಉಳಿದದ್ದು 450. ಸ್ಪ್ರಿಂಗ್ 75 ಮಿ.ಮೀ. ಒತ್ತಿಕೊಂಡು ನಿಲ್ಲಲಿ ಅಂತ ಭಾಗಾಕಾರ ಮಾಡಿದರೆ ಮಿಲಿಮೀಟರ್‌ಗೆ 6 ಕೆ.ಜಿ. ಸುಲಭ ಅಂದುಕೊಂಡು ಅದನ್ನೇ ತರಿಸಿದೆ.

ಆದರೆ ಸ್ಪ್ರಿಂಗ್ ಚಕ್ರದ ನೆತ್ತಿಯ ಮೇಲೆ ಕೂತಿಲ್ಲವಲ್ಲ! ಆರ್ಮ್‌ನ ಮಧ್ಯದಲ್ಲಿ ಎಲ್ಲೋ ಕೂತಿದೆ, ಓರೆಯಾಗಿ. ಚಕ್ರ 100 ಮಿ.ಮೀ. ಮೇಲೆದ್ದರೆ ನನ್ನ ಶಾಕ್ ಒಳಗೆ ಹೋಗುವುದು ಬರೀ 60. ಇದನ್ನು ಮೋಷನ್ ರೇಷಿಯೋ ಅನ್ನುತ್ತಾರೆ, ನನ್ನದು 0.6. ಸನ್ನೆಕೋಲಿನ ಆಟ ಇದು. ಚಲನೆ ಕಡಿಮೆಯಾದಷ್ಟು ಬಲ ಜಾಸ್ತಿ. 450ನ್ನು 0.6ರಿಂದ ಭಾಗಿಸಿದರೆ 750 ಕೆ.ಜಿ. ನಿಂತಿರುವಾಗಲೇ ಸ್ಪ್ರಿಂಗ್ ಮೇಲೆ, ಆ ಟವರ್ ಮೇಲೆ ಬೀಳುವುದು ಅಷ್ಟು. ಗುಂಡಿಗೆ ಬಿದ್ದರೆ ಇನ್ನೂ ಜಾಸ್ತಿ. 6ರ ಸ್ಪ್ರಿಂಗ್ 75 ಅಲ್ಲ, 125 ಮಿ.ಮೀ. ಒತ್ತಿಕೊಳ್ಳಬೇಕು. ಆ 50ರ ವ್ಯತ್ಯಾಸ ಚಕ್ರದ ಹತ್ತಿರ 80 ಮಿ.ಮೀ. ದಾಟುತ್ತದೆ. ಅದಕ್ಕೇ ಆ 'ಧಡ್'.

ಬೇಕಾಗಿದ್ದದ್ದು 10ರ ಸ್ಪ್ರಿಂಗ್. ಅದು ಕೇಳಲು ಕಲ್ಲಿನಂತಿದೆ, ನಿಜ. ಆದರೆ ಚಕ್ರಕ್ಕೆ ತಟ್ಟುವ ಗಟ್ಟಿತನ ಬೇಕು ಅಂದರೆ 0.6ರ ವರ್ಗದಿಂದ ಗುಣಿಸಬೇಕು, ಅಂದರೆ 0.36. ಆಗ 3.6 ಮಾತ್ರ. ಸ್ಪ್ರಿಂಗ್ ಒತ್ತಿ ಹಿಡಿಯುವ ಕಾಲರ್ ಬಿಗಿಮಾಡಿ ಎತ್ತರ ಸರಿಮಾಡೋಣ ಅಂತ ಗೆಳೆಯ ಒಂದು ಸಲ ಅಂದ. ಮೆತ್ತಗಿನ ಸ್ಪ್ರಿಂಗ್‌ಗೆ ಅಷ್ಟು ಪ್ರೀಲೋಡ್ (ಭಾರ ಬೀಳುವ ಮೊದಲೇ ಒತ್ತಿಡುವುದು) ಕೊಟ್ಟರೆ ಪೂರ್ತಿ ಒತ್ತಿದಾಗ ಸುರುಳಿಗಳು ಒಂದಕ್ಕೊಂದು ತಾಗುವ ಭಯ ಇತ್ತು. ಬೇಡ ಅಂದೆ. ಹೊಸ ಜೋಡಿ ಬರುವವರೆಗೆ ಗಾಡಿ ಸ್ಟ್ಯಾಂಡ್ ಮೇಲೆ ಕೂತಿತ್ತು.

ಆ ಪುರುಸೊತ್ತಿನಲ್ಲಿ ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ. ಸ್ಪ್ರಿಂಗ್ ಇಲ್ಲದೆ ಬರೀ ಶಾಕ್ ಹಾಕಿ, ಚಕ್ರವನ್ನು ಪೂರ್ತಿ ಮೇಲಕ್ಕೆ, ಪೂರ್ತಿ ಕೆಳಕ್ಕೆ ಆಡಿಸಿ ನೋಡುವುದು. ಮೇಲೆ ಹೋದಾಗ ಶಾಕ್ ತಳ ಮುಟ್ಟುವ ಮೊದಲು ಬಂಪ್ ಸ್ಟಾಪ್ ತಡೆಯಬೇಕು. ಕೆಳಗೆ ಇಳಿದಾಗ ಬ್ರೇಕ್ ಹೋಸ್ ಎಳೆಯಬಾರದು, ಆಕ್ಸಲ್‌ನ ಬಾಗುವ ಕೀಲು, ಅಂದರೆ ಸಿ.ವಿ. ಜಾಯಿಂಟ್, ಸಿಕ್ಕಿಹಾಕಿಕೊಳ್ಳಬಾರದು. ನನ್ನ ಎಡಗಡೆ ಹೋಸ್ ತಂತಿಯ ಹಾಗೆ ಬಿಗಿದಿತ್ತು. ಉದ್ದದ್ದು ಹಾಕಿದೆ, ಜೊತೆಗೆ ಚಕ್ರ ಜಾಸ್ತಿ ಇಳಿಯದಂತೆ ಲಿಮಿಟ್ ಸ್ಟ್ರ್ಯಾಪ್ ಕೂಡ.

ಉಳಿದದ್ದು ಬೇಗ ಆಯಿತು. ಹೊಸ ಸ್ಪ್ರಿಂಗ್, 15 ಮಿ.ಮೀ. ಪ್ರೀಲೋಡ್. ಗಾಡಿ ನೆಲಕ್ಕಿಳಿದು ತನ್ನ ಎತ್ತರದಲ್ಲಿ ನಿಂತ ಮೇಲೆಯೇ ಆರ್ಮ್ ಬುಶ್‌ಗಳ ಬೋಲ್ಟ್ ಬಿಗಿ ಮಾಡಿದೆ. ನೇತಾಡುವಾಗ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಆಮೇಲೆ ವೀಲ್ ಅಲೈನ್‌ಮೆಂಟ್, ಹೆಡ್‌ಲೈಟ್ ಹೊಂದಾಣಿಕೆ.

ಸುಮ್ನೆ ಸಾಮಾನು ಹೊರಲು, ಟಾರ್ ರಸ್ತೆಯಲ್ಲಿ ಓಡಿಸಲು ಇಟ್ಟುಕೊಂಡ ಪಿಕಪ್ ಆದರೆ ಇಷ್ಟೆಲ್ಲ ಬೇಡ. ಬಾರ್ ಅನ್ನು ಕಂಪನಿ ಎತ್ತರಕ್ಕೆ ವಾಪಸ್ ಇಳಿಸಿ, ಒಳ್ಳೆಯ ಶಾಕ್, ಹೊಸ ಬುಶ್ ಹಾಕಿದರೆ ಸಾಕು.

ಇದು ಅದೇ ಕಲ್ಲಿನ ದಾರಿ, ಅದೇ ವೇಗ. ಸ್ಟೇರಿಂಗ್ ಮೇಲೆ ನನ್ನ ಕೈ ನೋಡಿ, ಮೊದಲಿನ ಹಾಗೆ ಕುಣಿಯುತ್ತಿಲ್ಲ. ಆದರೆ ಹಿಂದಿನಿಂದ ಒಂದು ಕಿರ್ರ್ ಸದ್ದು ಬರುತ್ತಿದೆ, ಕೇಳಿಸಿತಾ? ಲೀಫ್ ಸ್ಪ್ರಿಂಗ್‌ನ ತುದಿಯನ್ನು ಚಾಸಿಗೆ ಹಿಡಿಯುವ ಶಾಕಲ್ ಇರಬೇಕು. ಮೊದಲೂ ಇತ್ತೋ ಏನೋ, ಮುಂದಿನ ಗದ್ದಲದಲ್ಲಿ ಗೊತ್ತಾಗಿರಲಿಲ್ಲ.