ಬಿಸ್ಕತ್ತು, ಮೊಸರನ್ನ ಬಿಟ್ಟು ಬೇರೇನೂ ಮುಟ್ಟದ ಮಗು: ಆಟಿಸಂ ಮತ್ತು ಊಟ

(ಪರದೆಯ ಮೇಲೆ: ಸ್ಟೀಲ್ ತಟ್ಟೆಯಲ್ಲಿ ರಾಗಿ ಮುದ್ದೆ, ಅವರೆಕಾಳು ಸಾರು. ತಟ್ಟೆಯನ್ನು ದೂರ ತಳ್ಳುವ ಪುಟ್ಟ ಕೈ.)

ನಮಸ್ಕಾರ. "ಎರಡು ಹೊತ್ತು ಹಸಿದುಕೊಂಡಿರಲಿ ಬಿಡು, ತಾನೇ ದಾರಿಗೆ ಬರ್ತಾನೆ." ಸರಿಯಾಗಿ ಉಣ್ಣದ ಮಗುವಿನ ತಾಯಿಗೆ ನಮ್ಮ ಕೋಲಾರದ ಕಡೆ ಸಿಗುವ ಮೊದಲ ಬುದ್ಧಿಮಾತು ಇದೇ. ಅತ್ತೆ ಹೇಳುತ್ತಾರೆ, ಪಕ್ಕದ ಮನೆಯವರು ಹೇಳುತ್ತಾರೆ, ಮದುವೆಮನೆಯ ಪಂಕ್ತಿಯಲ್ಲಿ ಪರಿಚಯವೇ ಇಲ್ಲದವರೂ ಹೇಳುತ್ತಾರೆ. ಆಟಿಸಂ ಇರುವ ಮಗುವಿನ ಮೇಲೆ ದಯವಿಟ್ಟು ಇದನ್ನು ಪ್ರಯೋಗ ಮಾಡಬೇಡಿ. ಆಟಿಸಂ ಅಂದರೆ ಮಿದುಳು ಬೆಳೆಯುವ ರೀತಿಯೇ ಬೇರೆ ಇರುವ ಸ್ಥಿತಿ; ಮಾತು, ಜನರ ಜೊತೆ ಬೆರೆಯುವುದು, ರುಚಿ, ವಾಸನೆ, ಸದ್ದು ತಟ್ಟುವ ಬಗೆ ಎಲ್ಲ ಬೇರೆ ಥರ ಇರಬಹುದು. ಈ ಮಕ್ಕಳಲ್ಲಿ ಕೆಲವರು ಎಷ್ಟೇ ಹಸಿವಾದರೂ ತಮಗೆ ಒಗ್ಗದ್ದನ್ನು ಮುಟ್ಟುವುದಿಲ್ಲ. ಇನ್ನು ಕೆಲವರಿಗೆ ಹಸಿವಾಗಿದೆ ಅನ್ನುವುದೇ ಸರಿಯಾಗಿ ಗೊತ್ತಾಗುವುದಿಲ್ಲ. ಊಟ ಬಿಟ್ಟು, ನೀರೂ ಬಿಟ್ಟು, ಕೊನೆಗೆ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಬೇಕಾದ ಸ್ಥಿತಿ ಬರಬಹುದು.

ನಾನು ಕೋಲಾರದಲ್ಲಿ ಇಂಥ ಮಕ್ಕಳಿಗೆ ಥೆರಪಿ ಕೊಡುತ್ತೇನೆ. ಮಾತು ಯಾವಾಗ ಬರುತ್ತೆ ಅಂತ ಕೇಳಿಕೊಂಡು ಬರುವ ತಾಯಂದಿರು ಐದು ನಿಮಿಷ ಕೂತರೆ ಸಾಕು, ಮಾತು ಊಟದ ಕಡೆಗೇ ಹೊರಳುತ್ತದೆ. ಅಳು ಬರುವುದೂ ಆಗಲೇ. ಆ ತಾಯಂದಿರಿಗೆ ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಹಲವು ಅಧ್ಯಯನಗಳನ್ನು ಒಟ್ಟಿಗೆ ಸೇರಿಸಿ ನೋಡಿದ ಒಂದು ವರದಿ 2013ರಲ್ಲಿ ಬಂತು. ಆಟಿಸಂ ಇರುವ ಮಕ್ಕಳಲ್ಲಿ ಊಟದ ತೊಂದರೆ ಬೇರೆ ಮಕ್ಕಳಿಗಿಂತ ಸುಮಾರು 5 ಪಟ್ಟು ಜಾಸ್ತಿ ಅಂತ ಅದರಲ್ಲಿ ಕಂಡುಬಂತು. ನಿಮ್ಮ ಕೈರುಚಿ ಸರಿಯಿಲ್ಲ ಅಂತಲೋ, ಮುದ್ದು ಮಾಡಿ ಕೆಡಿಸಿದಿರಿ ಅಂತಲೋ ಯಾರಾದರೂ ಅಂದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

(ಪರದೆಯ ಮೇಲೆ: ಮುದ್ದೆ ಮುರಿಯುವ ಕೈ, ಹತ್ತಿರದಿಂದ.)

ನಮ್ಮ ತಟ್ಟೆಯನ್ನೇ ಒಮ್ಮೆ ಆ ಮಗುವಿನ ಜಾಗದಲ್ಲಿ ಕೂತು ನೋಡೋಣ. ಮುದ್ದೆ ಬಿಸಿ, ಬೆರಳಿಗೆ ಅಂಟುತ್ತದೆ. ಮುರಿದು, ಸಾರಿನಲ್ಲಿ ಹೊರಳಿಸಿ, ಅಗಿಯದೆ ನುಂಗಬೇಕು. ಬಾಯಿಗೆ ಬಂದದ್ದು ಏನು ಅಂತ ತಿಳಿಯುವ ಮೊದಲೇ ಗಂಟಲಿಗೆ ಇಳಿದುಬಿಡುತ್ತದೆ. ಸಾರು ನೀರುನೀರು, ಅದರೊಳಗೆ ಕಾಳು. ಕಾಳಿನ ಸಿಪ್ಪೆ ಒಂದು ಥರ, ಒಳಗಿನ ಬೇಳೆ ಇನ್ನೊಂದು ಥರ. ಅವರೆಕಾಯಿ ಸೊಗಡು ನಮಗೆ ಬಾಯಲ್ಲಿ ನೀರೂರಿಸುತ್ತದೆ. ವಾಸನೆ ತಡೆಯದ ಮಗುವನ್ನು ಅದೇ ಸೊಗಡು ಅಡುಗೆಮನೆಯಿಂದ ಓಡಿಸುತ್ತದೆ. ಚಿತ್ರಾನ್ನ ತಗೊಳ್ಳಿ. ಒಂದು ತುತ್ತಿಗೆ ಕಡಲೆಕಾಯಿ ಬೀಜ ಸಿಗುತ್ತದೆ, ಮುಂದಿನ ತುತ್ತಿಗೆ ಕರಿಬೇವು, ಅದರ ಮುಂದಿನದಕ್ಕೆ ಮೆಣಸಿನಕಾಯಿ ಚೂರು. ನಮ್ಮ ತೋಟದ ಟೊಮೆಟೊ ಕೂಡ ಒಂದರ ಹಾಗೆ ಇನ್ನೊಂದು ಇರುವುದಿಲ್ಲ. ಒಂದು ಹುಳಿ, ಒಂದು ಸಪ್ಪೆ, ಒಂದು ಮೆತ್ತಗೆ.

ಪ್ಯಾಕೆಟ್ ಬಿಸ್ಕತ್ತು ನಿನ್ನೆ ಹೇಗಿತ್ತೋ ಇವತ್ತೂ ಹಾಗೇ ಇರುತ್ತದೆ, ಅಲ್ವಾ? ಅದೇ ಬಣ್ಣ, ಅದೇ ಅಂಚು, ಅದೇ ಕರುಂ ಸದ್ದು. ಬಂಗಾರಪೇಟೆ ಕಡೆಯಿಂದ ಒಬ್ಬ ಹುಡುಗ ಬರುತ್ತಾನೆ. ಬಿಸ್ಕತ್ತು ಕೊಟ್ಟ ಕೂಡಲೇ ಬಾಯಿಗೆ ಹಾಕುವುದಿಲ್ಲ. ಮೊದಲು ಅಂಚಿನ ಸುತ್ತ ಬೆರಳಾಡಿಸುತ್ತಾನೆ. ನಾಲ್ಕೂ ಮೂಲೆ ಸರಿಯಿದ್ದರೆ ತಿನ್ನುತ್ತಾನೆ. ಒಂದು ಮೂಲೆ ಮುರಿದಿದ್ದರೆ ಮೆಲ್ಲಗೆ ಪಕ್ಕಕ್ಕಿಟ್ಟು ಇನ್ನೊಂದಕ್ಕೆ ಕೈ ಚಾಚುತ್ತಾನೆ. ಅಜ್ಜಿಗೆ ಅದು ಕೊಬ್ಬಿನ ಹಾಗೆ ಕಾಣುತ್ತದೆ. ಆ ಹುಡುಗ ಮಾಡುತ್ತಿರುವುದು ತಪಾಸಣೆ. ಬಾಯಿಗೆ ಹೋಗುವುದು ತನಗೆ ಗೊತ್ತಿರುವುದೇ ಅಂತ ಅವನಿಗೆ ಖಾತ್ರಿ ಬೇಕು.

ಹಾಗಾಗಿ ನಮ್ಮ ಕೆಲಸ ಶುರುವಾಗಬೇಕಾದದ್ದು ಅವನು ಈಗಾಗಲೇ ತಿನ್ನುವ ಪದಾರ್ಥದಿಂದ. ತಿನ್ನದೇ ಇರುವುದರ ಪಟ್ಟಿ ಹಿಡಿದುಕೊಂಡು ಹೊರಟರೆ ದಿನಾ ಯುದ್ಧ.

(ಪರದೆಯ ಮೇಲೆ: ಮೊದಲು ಮೈ ನೋಡಿ.)

ಅದಕ್ಕೂ ಮೊದಲು ಮೈ ನೋಡಬೇಕು. ಮೂರ್ನಾಲ್ಕು ದಿನಕ್ಕೊಮ್ಮೆ ಕಷ್ಟಪಟ್ಟು ಗಟ್ಟಿಯಾಗಿ ಮಲ ಹೋಗುವ ಮಗುವಿಗೆ ಹಸಿವೇ ಆಗುವುದಿಲ್ಲ. ಆಟಿಸಂ ಇರುವ ಮಕ್ಕಳಲ್ಲಿ ಮಲಬದ್ಧತೆ ಸಾಮಾನ್ಯ. ಹಲ್ಲು ಹುಳುಕಾಗಿದ್ದರೆ ಮಾತು ಬಾರದ ಮಗು ನೋವು ಅಂತ ಹೇಳಲಾರದು. ಸುಮ್ನೆ ಗಟ್ಟಿ ಪದಾರ್ಥ ಬಿಟ್ಟುಬಿಡುತ್ತದೆ. ಮಣ್ಣು, ಸುಣ್ಣ, ಬಳಪ ತಿನ್ನುತ್ತಿದ್ದರೆ ರಕ್ತದಲ್ಲಿ ಕಬ್ಬಿಣದ ಅಂಶ ಕಡಿಮೆ ಇರಬಹುದು. ಪರೀಕ್ಷೆ ಮಾಡಿಸಿ.

ಹಾಲಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಕೋಲಾರ, ಚಿಕ್ಕಬಳ್ಳಾಪುರ ಅಂದರೆ ಹಾಲಿನ ಸೀಮೆ. ಮನೆಯಲ್ಲೇ ಹಸು ಇರುತ್ತದೆ. ಮಗು ಊಟ ಮಾಡಲಿಲ್ಲ ಅಂತ ಒಂದು ಲೋಟ ಹಾಲು, ಸಂಜೆ ಒಂದು, ಮಲಗುವಾಗ ಬಾಟಲಿಯಲ್ಲಿ ಒಂದು. ಹೊಟ್ಟೆ ಹಾಲಿನಲ್ಲೇ ತುಂಬಿಹೋಗುತ್ತದೆ. ಹಾಲಿನಲ್ಲಿ ಕಬ್ಬಿಣದ ಅಂಶ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಚಿಕ್ಕ ಮಕ್ಕಳಿಗೆ ದಿನಕ್ಕೆ ಅರ್ಧ ಲೀಟರ್ ದಾಟಬಾರದು. ಆದರೆ ಮಗು ಹಾಲಿನ ಮೇಲೇ ಬದುಕುತ್ತಿದ್ದರೆ ಒಂದೇ ದಿನ ನಿಲ್ಲಿಸಬೇಡಿ. ವೈದ್ಯರನ್ನು ಕೇಳಿ ಸ್ವಲ್ಪ ಸ್ವಲ್ಪವೇ ಇಳಿಸಿ, ಅದನ್ನೂ ಊಟ ಆದಮೇಲೆ ಕೊಡಿ.

ಕೆಲವು ಲಕ್ಷಣ ಕಂಡರೆ ಈ ವಿಡಿಯೋ ಪೂರ್ತಿ ನೋಡುವುದಕ್ಕೂ ಕಾಯಬೇಡಿ, ವೈದ್ಯರ ಹತ್ತಿರ ಹೋಗಿ. ತೂಕ ಇಳಿಯುತ್ತಿದೆ, ನುಂಗುವಾಗ ಕೆಮ್ಮು ಬರುತ್ತದೆ, ಉಸಿರು ಕಟ್ಟಿದ ಹಾಗಾಗುತ್ತದೆ, ಮೊನ್ನೆ ಮೊನ್ನೆವರೆಗೆ ತಿನ್ನುತ್ತಿದ್ದದ್ದನ್ನೂ ಒಂದೊಂದಾಗಿ ಬಿಡುತ್ತಿದೆ. ಇನ್ನೊಂದು: ಒಸಡಿನಲ್ಲಿ ರಕ್ತ, ಕಾಲುನೋವು ಅಂತ ನಡೆಯಲು ಒಪ್ಪದಿರುವುದು. ಹಣ್ಣು, ತರಕಾರಿ ಏನೂ ಮುಟ್ಟದ ಮಗುವಿನಲ್ಲಿ ಇದು ವಿಟಮಿನ್ ಸಿ ಕೊರತೆಯಿಂದ ಬರುವ ಸ್ಕರ್ವಿ ಆಗಿರಬಹುದು. ಹಳೇ ಕಾಲದ ಹಡಗಿನವರ ಕಾಯಿಲೆ ಅಂತ ಓದಿದ್ದೇವೆ, ಆದರೆ ಆಟಿಸಂ ಇರುವ ಮಕ್ಕಳಲ್ಲಿ ಇವತ್ತಿಗೂ ಕಾಣಿಸಿಕೊಳ್ಳುತ್ತಿದೆ. ಮಗು ದುಂಡುದುಂಡಗಿದೆ ಅಂತ ಧೈರ್ಯವಾಗಿ ಇರಬೇಡಿ. ಚಿಪ್ಸ್ ತಿಂದು ತೂಕ ಬಂದಿದ್ದರೂ ಒಳಗೆ ಪೋಷಕಾಂಶ ಇರುವುದಿಲ್ಲ. ವೈದ್ಯರು 'ಆರ್ಫಿಡ್' ಅನ್ನುವ ಹೆಸರು ಹೇಳಬಹುದು. ಮೈಗೆ ತೊಂದರೆಯಾಗುವಷ್ಟು ಊಟ ಬಿಡುವ ಈ ಸ್ಥಿತಿಗೆ 2013ರಿಂದ ವೈದ್ಯಕೀಯದಲ್ಲಿ ಪ್ರತ್ಯೇಕ ಹೆಸರಿದೆ.

(ಪರದೆಯ ಮೇಲೆ: ಖಾಲಿ ತಟ್ಟೆ, ಮೊಬೈಲ್.)

ಈಗ ಬಿಡಬೇಕಾದ್ದು. ಮೂಗು ಹಿಡಿದು ಬಾಯಿಗೆ ತುರುಕುವುದನ್ನು ಇವತ್ತೇ ಬಿಡಿ. ಅಳುವ ಮಗುವಿನ ಬಾಯಿಗೆ ಹಾಕಿದ ಅನ್ನ ಶ್ವಾಸನಾಳಕ್ಕೆ ಹೋಗಬಹುದು. ಅದಕ್ಕಿಂತ ಜಾಸ್ತಿ ದಿನ ಉಳಿಯುವುದು ಭಯ. ಆಮೇಲೆ ತಟ್ಟೆಯ ಸದ್ದು ಕೇಳಿದರೆ ಸಾಕು, ಮಂಚದ ಕೆಳಗೆ ಸೇರಿಕೊಳ್ಳುತ್ತದೆ.

ಕದ್ದು ಬೆರೆಸುವುದೂ ಬೇಡ. ಮೊಸರನ್ನ ಮಾತ್ರ ತಿನ್ನುವ ಮಗು ಅಂತ ಅದರಲ್ಲೇ ಕ್ಯಾರೆಟ್ ಅರೆದು ಸೇರಿಸುತ್ತೇವೆ, ಮಾತ್ರೆ ಪುಡಿ ಮಾಡಿ ಹಾಕುತ್ತೇವೆ. ಈ ಮಕ್ಕಳ ನಾಲಗೆಗೆ ಅದು ಗೊತ್ತಾಗಿಬಿಡುತ್ತದೆ. ಕ್ಯಾರೆಟ್ ಅಂತೂ ಹೊಟ್ಟೆಗೆ ಹೋಗಲಿಲ್ಲ, ಇದ್ದ ಮೊಸರನ್ನವೂ ಹೋಯಿತು. ಮೊಬೈಲ್ ವಿಷಯದಲ್ಲಿ ನಾನು ಅಷ್ಟು ಕಟುವಾಗಿ ಹೇಳುವುದಿಲ್ಲ. ಮೊಬೈಲ್ ಇಲ್ಲದೆ ಒಂದು ತುತ್ತೂ ಇಳಿಯದ ಮನೆಗಳಿವೆ. ಮೊದಲು ದಿನದ ಒಂದು ಊಟದಲ್ಲಿ, ಕೊನೆಯ ಐದು ನಿಮಿಷ ಮಾತ್ರ ತೆಗೆದಿಡಿ.

(ಪರದೆಯ ಮೇಲೆ: ಬೋಗುಣಿಯಲ್ಲಿ ನೆನೆಸಿದ ಅವರೆಕಾಳು.)

ಇನ್ನು ಹೊಸದನ್ನು ಕಲಿಸುವುದು ಹೇಗೆ? ತಿನ್ನುವುದು ಕೊನೆಯ ಹೆಜ್ಜೆ ಅಂತ ಇಟ್ಟುಕೊಳ್ಳಿ. ಅದಕ್ಕೂ ಮೊದಲು ಎಷ್ಟೋ ಮೆಟ್ಟಿಲಿವೆ. ಆ ಪದಾರ್ಥ ಇರುವ ಕೋಣೆಯಲ್ಲಿ ಕೂರುವುದು. ಪಕ್ಕದಲ್ಲಿ ಬೇರೆ ಪುಟ್ಟ ತಟ್ಟೆಯಲ್ಲಿ ಇಟ್ಟರೆ ಸಹಿಸುವುದು. ಚಮಚದಿಂದ ತಳ್ಳುವುದು, ಬೆರಳಿಂದ ಮುಟ್ಟುವುದು, ಮೂಸುವುದು, ತುಟಿಗೆ ತಾಗಿಸುವುದು, ನೆಕ್ಕುವುದು, ಕಚ್ಚಿ ಉಗಿಯುವುದು. ಉಗಿಯಲು ಒಂದು ಬಟ್ಟಲು ಕೊಡಿ. ಉಗಿಯಬಹುದು ಅಂತ ಗೊತ್ತಾದರೆ ಬಾಯಿಗೆ ಹಾಕಿಕೊಳ್ಳುವ ಧೈರ್ಯ ಬರುತ್ತದೆ. ಸಾಮಾನ್ಯ ಮಕ್ಕಳೇ ಹೊಸ ರುಚಿಯನ್ನು ಒಪ್ಪಲು 10-15 ಸಲ ಬೇಕಾಗಬಹುದು. ಇವರಿಗೆ ಇನ್ನೂ ಜಾಸ್ತಿ.

ಊಟದ ಹೊತ್ತಿನಲ್ಲೇ ಇದೆಲ್ಲ ಆಗಬೇಕಿಲ್ಲ. ಅವರೆ ಕಾಲದಲ್ಲಿ ಮನೆಯಲ್ಲಿ ಕಾಳು ಹಿತುಕುತ್ತೀರಲ್ಲ, ಮಗುವನ್ನು ಜೊತೆಗೆ ಕೂರಿಸಿಕೊಳ್ಳಿ. ನೆನೆದ ಕಾಳನ್ನು ಎರಡು ಬೆರಳಿನ ನಡುವೆ ಒತ್ತಿದರೆ ಬೇಳೆ ಪುಳಕ್ಕನೆ ಚಿಮ್ಮಿ ಬೋಗುಣಿಗೆ ಬೀಳುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಅದೇ ಕೆಲಸ ಮತ್ತೆ ಮತ್ತೆ ಮಾಡುವುದು ಈ ಮಕ್ಕಳಲ್ಲಿ ಎಷ್ಟೋ ಜನಕ್ಕೆ ತುಂಬಾ ಇಷ್ಟ. ನೀವು ಹತ್ತಿರವೇ ಇರಿ, ಹಸಿ ಕಾಳು ಬಾಯಿಗೆ ಹೋಗಬಾರದು. ಸಾರು ತಿನ್ನದಿದ್ದರೂ ಸರಿ, ಅವರೆಯ ಸೊಗಡು, ಜಿಗುಟು ಎರಡೂ ಕೈಗೆ ಪರಿಚಯವಾಯಿತು.

ಎರಡನೆಯ ದಾರಿ, ತಿನ್ನುವುದರಿಂದ ತಿನ್ನದಿರುವುದರ ಕಡೆಗೆ ಕೊಂಡಿ ಹಾಕುವುದು. ಬಿಸ್ಕತ್ತು ತಿನ್ನುವ ಮಗುವಿಗೆ ಬೇಕಾದ್ದು ಗರಿಗರಿ, ಒಣಗಿದ್ದು. ಅಂಥವನಿಗೆ ಮೆತ್ತಗಿನ ಬಾಳೆಹಣ್ಣು ಹಿಡಿದರೆ ಆಗುವುದಿಲ್ಲ. ಅದೇ ಬಿಸ್ಕತ್ತಿನ ಬೇರೆ ಆಕಾರ, ಆಮೇಲೆ ಬೇಕರಿಯ ರಾಗಿ ಬಿಸ್ಕತ್ತು, ಆಮೇಲೆ ರಾಗಿ ಹಪ್ಪಳ, ಕಾಗದದಷ್ಟು ತೆಳ್ಳಗಿನ ರಾಗಿ ದೋಸೆಯ ಅಂಚು, ಕೊನೆಗೆ ಗರಿಗರಿ ರಾಗಿ ರೊಟ್ಟಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಮುದ್ದೆವರೆಗೆ ಬರದಿದ್ದರೂ ನಷ್ಟವಿಲ್ಲ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅದು ರೊಟ್ಟಿಯಲ್ಲೂ ಇರುತ್ತದೆ. ಚಿಪ್ಸ್ ತಿನ್ನುವವನಿಗೆ ಮನೆಯಲ್ಲೇ ಕರಿದ ಆಲೂಗಡ್ಡೆ, ಆಮೇಲೆ ಸ್ವಲ್ಪ ದಪ್ಪಗೆ ಹೆಚ್ಚಿ ಕಾವಲಿಯಲ್ಲಿ ಹುರಿದದ್ದು. ಕಬಾಬ್ ತಿನ್ನುವವನಿಗೆ ಅಂಚು ಕೆಂಪಗಾದ ಆಮ್ಲೆಟ್. ಮೊಸರನ್ನದವನಿಗೆ ಸಿಪ್ಪೆ ತೆಗೆದ ಹಿತಕಿದ ಬೇಳೆಯನ್ನು ನುಣ್ಣಗೆ ಮಸೆದು, ಖಾರ ಇಲ್ಲದೆ, ಬೇರೆ ಬಟ್ಟಲಲ್ಲಿ. ಅವನ ಮೊಸರನ್ನ ಮಾತ್ರ ತಟ್ಟೆಯಲ್ಲಿ ಯಾವಾಗಲೂ ಇರಬೇಕು. ಕೈಬಿಡದ ಒಂದು ಪದಾರ್ಥ ಎದುರಿಗಿದ್ದರೆ ಮಗು ಪಕ್ಕದ್ದನ್ನು ನೋಡುತ್ತದೆ.

ಕೂರುವುದರ ಬಗ್ಗೆಯೂ ಗಮನ ಕೊಡಿ. ನೆಲದ ಮೇಲೆ ಚಕ್ಕಳಮಕ್ಕಳ ಕೂರಲು ಆಗದೆ ಒರಗುವ ಮಗುವಿಗೆ ಬೆನ್ನಿಗೆ ಗೋಡೆ, ಕುರ್ಚಿಯಾದರೆ ಕಾಲಿನ ಕೆಳಗೆ ಮಣೆ ಬೇಕು. ಊಟ, ತಿಂಡಿಗಳ ನಡುವೆ ಎರಡೂವರೆ, ಮೂರು ಗಂಟೆ ಬಿಡುವು ಇರಲಿ. ಅರ್ಧ ಗಂಟೆಯಲ್ಲಿ ತಟ್ಟೆ ಎತ್ತಿಬಿಡಿ, ಬೈಗುಳ ಬೇಡ.

ಶಾಲೆಗೆ ಹೋಗುವ ಮಗುವಾದರೆ ಬಿಸಿಯೂಟದ ಗಲಾಟೆ, ತಟ್ಟೆಗಳ ಸದ್ದು ತಡೆಯದೆ ಹಸಿದೇ ಮನೆಗೆ ಬರಬಹುದು. ಮೇಷ್ಟ್ರಿಗೆ, ಅಡುಗೆಯವರಿಗೆ ನೇರವಾಗಿ ಹೇಳಿ. ಮನೆಯಿಂದ ಡಬ್ಬಿ ಕಳಿಸುತ್ತೇವೆ, ಒಂದು ಮೂಲೆಯಲ್ಲಿ ಕೂರಿಸಿ ಅಂತ ಕೇಳಿ.

ಗೋಧಿ, ಹಾಲು ಬಿಡಿಸಿದರೆ ಆಟಿಸಂ ವಾಸಿಯಾಗುತ್ತದೆ ಅನ್ನುವ ಮಾತು ನಿಮ್ಮ ಕಿವಿಗೂ ಬಿದ್ದಿರುತ್ತದೆ. ಅದಕ್ಕೆ ಗಟ್ಟಿ ಪುರಾವೆ ಇಲ್ಲ. ಐದೇ ಪದಾರ್ಥ ತಿನ್ನುವ ಮಗುವಿನಿಂದ ಎರಡನ್ನು ಕಿತ್ತುಕೊಂಡರೆ ಉಳಿಯುವುದೇನು? ಅಂಥ ಪಥ್ಯಕ್ಕೂ, ದುಬಾರಿ ಪುಡಿ ಡಬ್ಬಗಳಿಗೂ ದುಡ್ಡು ಸುರಿಯುವ ಮೊದಲು ವೈದ್ಯರನ್ನು ಕೇಳಿ.

ಎಲ್ಲಿಗೆ ಹೋಗಬೇಕು? ಅಂಗನವಾಡಿ, ಸರ್ಕಾರಿ ಶಾಲೆಗಳಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬರುತ್ತದೆ. 18 ವರ್ಷದವರೆಗಿನ ಮಕ್ಕಳನ್ನು ನೋಡುತ್ತಾರೆ, ಬೇಕಾದರೆ ಮೇಲಿನ ಆಸ್ಪತ್ರೆಗೆ ಬರೆದುಕೊಡುತ್ತಾರೆ. ನಿಮ್ಮ ಆಶಾ ಕಾರ್ಯಕರ್ತೆಯನ್ನೂ ಕೇಳಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳದೇ ಮನೋವೈದ್ಯ ವಿಭಾಗ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ. ಅಂಗವಿಕಲತೆಯ ಪ್ರಮಾಣಪತ್ರ ಮಾಡಿಸಿಕೊಂಡರೆ 'ನಿರಾಮಯ' ಅನ್ನುವ ಸರ್ಕಾರಿ ಆರೋಗ್ಯ ವಿಮೆಗೆ ಅರ್ಜಿ ಹಾಕಬಹುದು. ಅದರಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ವೆಚ್ಚ ಸಿಗುತ್ತದೆ, ಥೆರಪಿಯೂ ಸೇರಿ.

ಹೋಗುವ ಮೊದಲು ಮೂರು ದಿನ ಮಗು ಏನು, ಎಷ್ಟು, ಯಾವ ಹೊತ್ತಿಗೆ ತಿಂದಿತು ಅಂತ ಬರೆದಿಡಿ. ಕುಡಿದ ಹಾಲು, ಅಂಗಡಿ ತಿಂಡಿ ಎಲ್ಲವೂ ಬರಲಿ. ಊಟದ ಹೊತ್ತಿನದು ಐದು ನಿಮಿಷದ ವಿಡಿಯೋ ಮಾಡಿಕೊಳ್ಳಿ. ಆಸ್ಪತ್ರೆಯಲ್ಲಿ ಮಗು ಬೇರೆಯೇ ಥರ ಇರುತ್ತದೆ, ಮನೆಯದನ್ನು ವೈದ್ಯರು ನೋಡಬೇಕು. ತೂಕ, ಎತ್ತರ, ಹಿಮೋಗ್ಲೋಬಿನ್, ವಿಟಮಿನ್ ಡಿ, ಹಲ್ಲು, ಮಲಬದ್ಧತೆ, ಇಷ್ಟನ್ನೂ ನೋಡಿ ಅಂತ ನೀವೇ ಬಾಯಿಬಿಟ್ಟು ಕೇಳಿ. ಹಲ್ಲುಜ್ಜಲು ಬಿಡದ ಮಕ್ಕಳ ಬಗ್ಗೆ ಮುಂದಿನ ವಿಡಿಯೋದಲ್ಲಿ ಮಾತಾಡೋಣ. ನಮಸ್ಕಾರ.